ಚಿತ್ರಸಂತೆಗೆ ಹೋಗುವವರಿಗೆ: ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಏನು ನೋಡಬೇಕು, ಹೇಗೆ ಕೊಳ್ಳಬೇಕು

ಬೆಂಗಳೂರಿನಲ್ಲಿ ಕಲಾವಿದರ ಕೈಯಿಂದಲೇ ನೇರವಾಗಿ ಒಂದು ಚಿತ್ರ ಕೊಂಡು ಮನೆಗೆ ತರಬೇಕೆಂದರೆ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಂದು ದಿನ ರಸ್ತೆಯಲ್ಲೇ ನಡೆಸುವ ಚಿತ್ರಸಂತೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಇದು ಅನುಮಾನವಿಲ್ಲದೆ ಹೇಳಬಹುದಾದ ಮಾತು. ಆದರೆ ತಯಾರಿಯಿಲ್ಲದೆ ಹೋದವರು ಮಧ್ಯಾಹ್ನದ ಹೊತ್ತಿಗೆ ಜನರ ನಡುವೆ ಸಿಕ್ಕಿ, ಸುಸ್ತಾಗಿ, ಕೊನೆಗೆ ಒಂದು ಪ್ರಿಂಟ್ ಹಿಡಿದುಕೊಂಡು ವಾಪಸಾಗುತ್ತಾರೆ. ಹಾಗಾಗಬಾರದು. ಸಂತೆ ಹೇಗೆ ನಡೆಯುತ್ತದೆ, ಅಲ್ಲಿಟ್ಟ ಚಿತ್ರವನ್ನು ಹೇಗೆ ನೋಡಬೇಕು, ಕೊಂಡದ್ದನ್ನು ಹೇಗೆ ಕಾಪಾಡಬೇಕು, ಉಳಿದ ದಿನಗಳಲ್ಲಿ ಪರಿಷತ್ತಿನಲ್ಲಿ ಏನಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಪರಿಷತ್ತು ಶುರುವಾದದ್ದು 1960ರಲ್ಲಿ. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಪ್ರೊ. ಎಂ.ಎಸ್. ನಂಜುಂಡರಾವ್ ಅವರದು. ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಹುಡುಕಿ ತಂದು ಕೂಡಿಟ್ಟ ಕೆಲಸವೂ ಅವರದೇ. ಇವತ್ತು ಅಲ್ಲಿ ಲಲಿತಕಲಾ ಕಾಲೇಜಿದೆ, ವಸ್ತುಸಂಗ್ರಹಾಲಯವಿದೆ, ಬಾಡಿಗೆಗೆ ಸಿಗುವ ಗ್ಯಾಲರಿಗಳಿವೆ, ವರ್ಷಪೂರ್ತಿ ಕೈಮಗ್ಗ ಮತ್ತು ಕರಕುಶಲ ಮೇಳಗಳು ನಡೆಯುತ್ತವೆ. ಆದರೂ ಊರಿನ ಬಹುಪಾಲು ಜನಕ್ಕೆ ಪರಿಷತ್ತು ಎಂದರೆ ಸಂತೆಯ ಆ ಒಂದು ದಿನ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಹೊಸ ವರ್ಷದ ದಿನವೇ ಭಾನುವಾರ ಬಿದ್ದ 2023ರಲ್ಲಿ 8ನೇ ತಾರೀಖು ನಡೆಯಿತು. 2024ರದ್ದು ಜನವರಿ 7ಕ್ಕೆ, ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಣೆ. 2025ರ ಜನವರಿ 5ರದು 22ನೆಯ ಸಂತೆ, ಹೆಣ್ಣು ಮಗುವಿಗೆ ಅರ್ಪಣೆ. ಕೋವಿಡ್ ಕಾಲದ 2021ರಲ್ಲಿ ಮಾತ್ರ ರಸ್ತೆಯ ಬದಲು ಆನ್‌ಲೈನ್‌ನಲ್ಲಿ ನಡೆಯಿತು. ‘ಮನೆಗೊಂದು ಕಲಾಕೃತಿ’ ಎಂಬುದು ಸಂತೆಯ ಘೋಷವಾಕ್ಯ. ಕುಮಾರಕೃಪಾ ರಸ್ತೆಯಲ್ಲಿ ಶಿವಾನಂದ ವೃತ್ತದ ಕಡೆಯಿಂದ ವಿಂಡ್ಸರ್ ಹೋಟೆಲಿನ ವೃತ್ತದವರೆಗೆ ವಾಹನ ನಿಲ್ಲಿಸಿ, ಎರಡೂ ಬದಿಯಲ್ಲಿ ಮಳಿಗೆ ಹಾಕುತ್ತಾರೆ. ಪರಿಷತ್ತಿನ ಆವರಣದೊಳಗೆ ಹಿರಿಯ ಕಲಾವಿದರಿಗೂ ಅಂಗವಿಕಲ ಕಲಾವಿದರಿಗೂ ಜಾಗ ಇರುತ್ತದೆ. ಪ್ರವೇಶ ಉಚಿತ. ಬೇರೆ ಬೇರೆ ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಬೆಲೆ ನೂರು ರೂಪಾಯಿಯಿಂದ ಶುರುವಾಗಿ ಲಕ್ಷ ದಾಟುತ್ತದೆ.

ಹೋಗುವ ಹೊತ್ತು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಎಂಟು, ಎಂಟೂವರೆಗೆ ಅಲ್ಲಿರಿ. ಕಲಾವಿದರು ಆಗತಾನೇ ಚಿತ್ರಗಳನ್ನು ಜೋಡಿಸಿ ಮುಗಿಸಿರುತ್ತಾರೆ, ಬಿಸಿಲು ಓರೆಯಾಗಿ ಬೀಳುತ್ತಿರುತ್ತದೆ, ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ. ಓರೆ ಬಿಸಿಲು ಚಿತ್ರ ಪರೀಕ್ಷೆ ಮಾಡಲು ಎಲ್ಲಕ್ಕಿಂತ ಒಳ್ಳೆಯ ಬೆಳಕು. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಹನ್ನೊಂದರ ಮೇಲೆ ಜನ ಏರತೊಡಗುತ್ತಾರೆ. ಮಧ್ಯಾಹ್ನದಿಂದ ಸಂಜೆ ಆರರವರೆಗೆ ನಿಂತು ನೋಡುವುದಕ್ಕೇ ಆಗುವುದಿಲ್ಲ, ಹಿಂದಿನವರು ತಳ್ಳಿದ ಕಡೆಗೆ ಹೋಗಬೇಕಾಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹತ್ತೂವರೆಯೊಳಗೆ ನೋಡಿ ಮುಗಿಸಿ ಹೊರಡುವ ಲೆಕ್ಕ ಇಟ್ಟುಕೊಳ್ಳಿ. ಸಂಜೆ ಏಳರ ಮೇಲೆ ಜನ ಕರಗುತ್ತಾರೆ. ದೂರದ ಊರಿನ ಕಲಾವಿದರು ಚಿತ್ರ ವಾಪಸು ಹೊತ್ತೊಯ್ಯುವುದಕ್ಕಿಂತ ಸ್ವಲ್ಪ ಇಳಿಸಿ ಕೊಡಲು ಆಗ ಒಪ್ಪುವುದುಂಟು. ಆದರೆ ಆ ಮಬ್ಬಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಬೀದಿದೀಪದ ಹಳದಿ ಬೆಳಕಿನಲ್ಲಿ ತಿಳಿನೀಲಿ ಬೂದಿಯಾಗಿ ಕಾಣುತ್ತದೆ. ಬೆಳಿಗ್ಗೆ ನೋಡಿಟ್ಟುಕೊಂಡದ್ದನ್ನು ಸಂಜೆ ಕೊಳ್ಳಬಹುದು. ಸಂಜೆ ಮೊದಲ ಸಲ ನೋಡಿ ಕೊಳ್ಳಬೇಡಿ.

ಕಾರು ತರಬೇಡಿ. ಸುತ್ತಲಿನ ರಸ್ತೆಗಳಲ್ಲಿ ಜಾಗ ಸಿಗುವುದಿಲ್ಲ, ಸಿಕ್ಕಿದರೂ ದೊಡ್ಡ ಕ್ಯಾನ್ವಾಸ್ ಹೊತ್ತು ಅಷ್ಟು ದೂರ ನಡೆಯುವುದು ಕಷ್ಟ. ಹಸಿರು ಮಾರ್ಗದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೊ, ಇಲ್ಲವೆ ನಡಿಗೆ. ಸಂತೆಯ ದಿನ ಮೆಟ್ರೊ ನಿಲ್ದಾಣಗಳಿಂದ ಬಿಎಂಟಿಸಿ ಫೀಡರ್ ಬಸ್ ಬಿಡುವುದೂ ಉಂಟು. ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಇಷ್ಟು ಜನ ಒಂದೇ ರಸ್ತೆಯಲ್ಲಿ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕುಸಿಯುತ್ತದೆ, ಯುಪಿಐ ತಿರುಗುತ್ತಲೇ ಇರುತ್ತದೆ. ಹಣ ಕಡಿತವಾಗಿ ಕಲಾವಿದರಿಗೆ ಸಂದೇಶ ಬಾರದೆ ಇಬ್ಬರೂ ಪೇಚಿಗೆ ಸಿಲುಕುವುದು ಮಧ್ಯಾಹ್ನದ ಹೊತ್ತಿನ ಮಾಮೂಲಿ ತೊಂದರೆ. ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಕಳಿಸಲು ಹೋಗದೆ ಹತ್ತು ನಿಮಿಷ ಕಾಯಿರಿ. ಇನ್ನು ಮನೆಯಿಂದ ತರಬೇಕಾದ್ದು: ಒಂದು ಅಳತೆ ಟೇಪು, ಚಿತ್ರ ತೂಗಬೇಕಾದ ಗೋಡೆಯ ಫೋಟೊ, ಆ ಗೋಡೆಯ ಅಗಲ ಎತ್ತರ ಬರೆದ ಚೀಟಿ. ರಸ್ತೆಯ ಬಯಲಿನಲ್ಲಿ ಎರಡಡಿ ಚಿತ್ರ ಚಿಕ್ಕದಾಗಿ ಕಾಣುತ್ತದೆ. ಮನೆಗೆ ತಂದಮೇಲೆ ಸೋಫಾ ಮೇಲಿನ ಗೋಡೆಗೆ ಅಲ್ಲಿ ಸರಿಯೆನಿಸಿದ ದೊಡ್ಡ ಚಿತ್ರ ಭಾರವೆನಿಸುವುದು ಇದೇ ಕಾರಣಕ್ಕೆ. ಸೋಫಾದ ಉದ್ದದ ಮೂರನೇ ಎರಡರಷ್ಟು ಅಗಲ ಇದ್ದರೆ ಸಾಕು.

ಈಗ ಮುಖ್ಯ ವಿಷಯ. ಎದುರಿಗಿರುವುದು ಕೈಯಲ್ಲಿ ಬರೆದ ಚಿತ್ರವೋ, ಯಂತ್ರದಲ್ಲಿ ಅಚ್ಚಾದ ಪ್ರಿಂಟೋ?

ಪ್ರಿಂಟ್ ಮಾರುವುದು ತಪ್ಪಲ್ಲ. ತನ್ನದೇ ಚಿತ್ರದ ಪ್ರಿಂಟ್ ಎಂದು ಹೇಳಿ ಐನೂರಕ್ಕೆ ಕೊಡುವ ಕಲಾವಿದರು ಬೇಕಾದಷ್ಟು ಜನ ಇದ್ದಾರೆ, ಅದು ಪ್ರಾಮಾಣಿಕ ವ್ಯಾಪಾರ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗುರುತು ಮೂಡಿಸಿ, ಮೂಲಚಿತ್ರದ ಬೆಲೆಗೆ ಮಾರಿದರೆ ಮಾತ್ರ ಮೋಸ. ಇದನ್ನು ಕಂಡುಹಿಡಿಯಲು ಓರೆ ಬಿಸಿಲು ಬೇಕು. ಚಿತ್ರದ ಪಕ್ಕಕ್ಕೆ ನಿಂತು, ಮೇಲ್ಮೈಯನ್ನು ಅಂಚಿನಿಂದ ನೋಡಿ. ಕೈಯಲ್ಲಿ ಬರೆದದ್ದರಲ್ಲಿ ಕುಂಚದ ಗೀರು ಬಣ್ಣದ ಜೊತೆಗೇ ಸಾಗುತ್ತದೆ: ಎಲೆಯ ಹಸಿರು ಎಲ್ಲಿ ಮುಗಿಯುತ್ತದೋ ಗೀರೂ ಅಲ್ಲೇ ಮುಗಿಯುತ್ತದೆ, ಅದರ ಮೇಲೆ ಹಳದಿ ಚುಕ್ಕೆ ಇಟ್ಟಿದ್ದರೆ ಅದು ಬೆರಳಿಗೆ ತಗಲುವಂತೆ ಉಬ್ಬಿರುತ್ತದೆ. ಜೆಲ್ ಬಳಿದ ಪ್ರಿಂಟಿನಲ್ಲಿ ಗೀರು ತನ್ನ ಪಾಡಿಗೆ ತಾನು ಎಲೆ, ಆಕಾಶ, ಮುಖ ಎಲ್ಲವನ್ನೂ ದಾಟಿ ಒಂದೇ ದಿಕ್ಕಿಗೆ ಹೋಗಿರುತ್ತದೆ. ಬಣ್ಣಕ್ಕೂ ಉಬ್ಬಿಗೂ ಸಂಬಂಧ ಇರುವುದಿಲ್ಲ. ಇನ್ನೂ ಅನುಮಾನವಿದ್ದರೆ ಕೇಳಿಕೊಂಡು ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿ. ಪ್ರಿಂಟಿನಲ್ಲಿ ತಿಳಿ ಬಣ್ಣದ ಜಾಗಗಳು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತವೆ. ಮೂರನೆಯದು ಕ್ಯಾನ್ವಾಸಿನ ಅಂಚು ಮತ್ತು ಬೆನ್ನು. ಬರೆದ ಚಿತ್ರದ ಅಂಚಿನಲ್ಲಿ ಬಣ್ಣ ಅಡ್ಡಾದಿಡ್ಡಿ ಹರಿದಿರುತ್ತದೆ, ಬೆನ್ನಿನಲ್ಲಿ ಒಂದೆರಡು ಕಡೆ ಬಣ್ಣ ಇಳಿದ ಕಲೆ ಇರಬಹುದು. ಪ್ರಿಂಟಿನ ಬೆನ್ನು ಬೆಳ್ಳಗೆ, ಅಂಚು ಕತ್ತರಿಸಿದ ಹಾಗೆ ನೇರ.

ಕಲಾವಿದರು ಕೈಯಿಂದ ತೆಗೆಯುವ ಅಚ್ಚುಚಿತ್ರ ಬೇರೆಯದೇ. ಎಚಿಂಗ್ (ಆ್ಯಸಿಡ್ಡಿನಿಂದ ಕೊರೆದ ತಗಡಿನ ಅಚ್ಚು), ಮರದ ಅಚ್ಚು, ಲಿಥೊ (ಕಲ್ಲಚ್ಚು) ಇವೆಲ್ಲ ಆ ಬಗೆ. ಇವು ಪ್ರತಿಕೃತಿಗಳಲ್ಲ, ಇವೇ ಮೂಲಕೃತಿಗಳು. ಕಾಗದದ ಕೆಳಗೆ ಪೆನ್ಸಿಲಿನಲ್ಲಿ 3/25 ಎಂದು ಬರೆದಿದ್ದರೆ ಒಟ್ಟು 25 ಪ್ರತಿ ತೆಗೆದಿದ್ದಾರೆ, ಇದು ಮೂರನೆಯದು ಎಂದರ್ಥ. ಎಚಿಂಗ್ ಆದರೆ ಲೋಹದ ತಗಡು ಒತ್ತಿದ ಚೌಕದ ಗುರುತು ಕಾಗದದಲ್ಲಿ ತಗ್ಗಾಗಿ ಉಳಿದಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಕಡಿಮೆ ಹಣದಲ್ಲಿ ಗಟ್ಟಿ ಕಲೆ ಬೇಕು ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಕಲಾಶಾಲೆಗಳ ವಿದ್ಯಾರ್ಥಿಗಳು ಒಳ್ಳೆಯ ಮರದಚ್ಚಿನ ಚಿತ್ರಗಳನ್ನು ಕೈಗೆಟುಕುವ ಬೆಲೆಗೆ ಇಟ್ಟಿರುತ್ತಾರೆ. ಮಿನುಗುವ ದೊಡ್ಡ ಬುದ್ಧನ ಮುಖದ ಮುಂದೆ ಜನ ಗುಂಪುಗೂಡಿರುವಾಗ ಪಕ್ಕದಲ್ಲೇ ನೆಲದ ಮೇಲೆ ಇವು ಕಡತದೊಳಗೆ ಇರುತ್ತವೆ. ಕೇಳಿ ತೆಗೆಸಿ ನೋಡಿ.

ಮೈಸೂರು ಶೈಲಿಯ ಚಿತ್ರಗಳ ಮಳಿಗೆಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಪಡೆದ ನಮ್ಮ ನಾಡಿನ ಕಲೆಗಳಲ್ಲಿ ಇದೂ ಒಂದು. ಇದನ್ನೂ ತಂಜಾವೂರು ಶೈಲಿಯನ್ನೂ ಒಂದೇ ಎಂದು ತಿಳಿದು ಕೊಳ್ಳುವವರು ಬಹಳ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಹರಳು, ಚಿನ್ನ ಚಿತ್ರದ ತುಂಬ. ಮೈಸೂರಿನದರಲ್ಲಿ ಉಬ್ಬು ದಾರದಷ್ಟು ತೆಳು. ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಮರದಂಟಿನ ಹಳದಿ ಮತ್ತು ಗೋಂದು ಕಲಸಿದ ಗೆಸ್ಸೊ ಎಂಬ ಲೇಪವನ್ನು ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಎಳೆದು, ಅದರ ಮೇಲೆ ಚಿನ್ನದ ರೇಕು (ತೆಳು ಹಾಳೆ) ಕೂರಿಸಿ, ತೆಳು ಕಾಗದ ಮುಚ್ಚಿ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಸರಸ್ವತಿಯ ಸೀರೆಯ ಅಂಚನ್ನು ಹತ್ತಿರದಿಂದ ನೋಡಿ: ಒಳ್ಳೆಯ ಕೆಲಸದಲ್ಲಿ ಅಂಚಿನ ಸಾಲು ಸಾಲು ಬಿಂದುಗಳು ಒಂದೇ ಗಾತ್ರ, ಎರಡು ಬಿಂದುಗಳ ನಡುವಿನ ಸಂದಿಯೂ ಸಮ, ಅವಸರದ ಕೆಲಸದಲ್ಲಿ ಬಿಂದುಗಳು ಒಂದಕ್ಕೊಂದು ಅಂಟಿ ಬಳ್ಳಿಯಾಗಿರುತ್ತವೆ. ಬೆರಳುಗಳ ತುದಿ ಮತ್ತು ಕಣ್ಣಿನ ರೆಪ್ಪೆ ಇನ್ನೆರಡು ಪರೀಕ್ಷೆ. ಚಿತ್ರಕಾರರ ಕೈ ಎಷ್ಟು ಪಳಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಚಿನ್ನದ ಬಗ್ಗೆ ನೇರವಾಗಿಯೇ ಕೇಳಿ: ಅಸಲಿ ರೇಕೋ, ಇಮಿಟೇಷನ್ನೋ? ಇಮಿಟೇಷನ್ ಎಂದರೆ ತಾಮ್ರ ಸೇರಿದ ಲೋಹದ ರೇಕು. ಗಾಳಿ ತೇವ ತಗಲಿ ಕೆಲವು ವರ್ಷಕ್ಕೆ ಕಂದಾಗಿ, ಕೆಲವೆಡೆ ಹಸಿರಾಗಿ ಹೋಗುತ್ತದೆ. ಅಸಲಿ ಚಿನ್ನ ಹಾಗಾಗುವುದಿಲ್ಲ. ಎರಡರ ಬೆಲೆಯೂ ಒಂದೇ ಎಂದರೆ ಅಲ್ಲಿ ಅನುಮಾನ ಪಡಿ. ಕೊಂಡರೆ ರಸೀದಿಯಲ್ಲಿ ‘ಚಿನ್ನದ ರೇಕು’ ಎಂದೇ ಬರೆಸಿಕೊಳ್ಳಿ. ಗೆಸ್ಸೊ ಇರುವ ಚಿತ್ರವನ್ನು ಬಾಗಿಸಬಾರದು, ಸುತ್ತಲೇಬಾರದು. ಉಬ್ಬು ಬಿರಿದು ಉದುರುತ್ತದೆ.

ಮಲೆನಾಡಿನ ದೀವರು ಎಂಬ ಸಮುದಾಯದ ಹಸೆ ಚಿತ್ತಾರ ಸಿಕ್ಕಿದರೆ ಬಿಡಬೇಡಿ. ಸಾಗರದ ಸುತ್ತಮುತ್ತ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುತ್ತಿದ್ದ ಚಿತ್ರ ಇದು; ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಈಗ ಬಟ್ಟೆ ಮತ್ತು ಕಾಗದದ ಮೇಲೂ ಬರುತ್ತಿದೆ. ಅಸಲಿ ಮಣ್ಣಿನ ಬಣ್ಣದ್ದನ್ನು ಅಕ್ರಿಲಿಕ್‌ನಿಂದ ಬರೆದದ್ದರಿಂದ ಬೇರೆ ಮಾಡುವುದು ಸುಲಭ: ಮಣ್ಣಿನದು ಮಂಕು, ಹೊಳಪಿಲ್ಲ, ಗೆರೆ ಒಂದೇ ದಪ್ಪಕ್ಕಿಲ್ಲ. ನಾರಿನ ಕುಂಚ ಶುರುವಿನಲ್ಲಿ ಬಣ್ಣ ಹೆಚ್ಚು ಬಿಟ್ಟು, ಕೊನೆಗೆ ಬರುತ್ತ ಒಣಗುತ್ತದೆ. ಹಾಗಾಗಿ ಪ್ರತಿ ಗೆರೆಗೂ ಒಂದು ತಲೆ ಒಂದು ಬಾಲ ಇರುತ್ತದೆ. ನೀರು ತಗಲಿದರೆ ಅಳಿಸಿಹೋಗುವ ಬಣ್ಣವಿದು, ಗಾಜು ಹಾಕಿಸದೆ ತೂಗುಹಾಕಬೇಡಿ.

ಜಲವರ್ಣ ಕೊಳ್ಳುವವರು ಕಾಗದ ಕೇಳಬೇಕು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ), ಹತ್ತಿಯ ಕಾಗದವಾದರೆ ನಿರುಮ್ಮಳ. ತೆಳುವಾದ ಮರದ ತಿರುಳಿನ ಕಾಗದ ಕೆಲವು ವರ್ಷಕ್ಕೆ ಹಳದಿಯಾಗಿ, ಅಂಚು ಪುಡಿಯಾಗುತ್ತದೆ. ಕಣ್ಣು ಕೋರೈಸುವ ಫ್ಲೋರೆಸೆಂಟ್ ಗುಲಾಬಿ, ಹಸಿರು ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ, ಯಾವ ಮಾಧ್ಯಮದಲ್ಲಿ ಬರೆದರೂ ಅಷ್ಟೇ. ಇದ್ದಿಲು, ಪೇಸ್ಟಲ್ ಚಿತ್ರವಾದರೆ ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಸಿಂಪಡಿಸಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಮೆಟ್ರೊದಲ್ಲಿ ಒಂದು ಉಜ್ಜಾಟಕ್ಕೆ ಮುಖದ ಅರ್ಧ ಅಳಿಸಿಹೋಗುತ್ತದೆ.

ಕೂತಲ್ಲೇ ಮುಖಚಿತ್ರ ಬರೆದುಕೊಡುವ ಕಲಾವಿದರ ಸಾಲೂ ಇರುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷ ಕೂರಬೇಕು. ಮೊದಲೇ ಬೆಲೆ, ಕಾಗದದ ಅಳತೆ, ಒಬ್ಬರಿಗೋ ಇಬ್ಬರಿಗೋ ಎಂಬುದನ್ನು ಮಾತಾಡಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳು ಅಷ್ಟು ಹೊತ್ತು ಕೂರುವುದಿಲ್ಲ; ಫೋಟೊ ನೋಡಿ ಬರೆಯುವವರನ್ನು ಹುಡುಕಿ.

ಇನ್ನು ಬೆಲೆ. ಸಂತೆ ಎಂಬ ಹೆಸರಿದೆ ಎಂದು ಸೊಪ್ಪಿನ ಹಾಗೆ ಅರ್ಧಕ್ಕೆ ಕೇಳುವುದು ನೋವಿನ ಸಂಗತಿ. ಒಂದು ಲೆಕ್ಕ ಹಾಕಿ ನೋಡಿ. ಎರಡಡಿ ಮೂರಡಿಯ ಅಕ್ರಿಲಿಕ್ ಚಿತ್ರಕ್ಕೆ ಎಂಟು ಸಾವಿರ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಚೌಕಟ್ಟಿಗೆ ಬಿಗಿದ ಒಳ್ಳೆಯ ಕ್ಯಾನ್ವಾಸ್, ಬಣ್ಣ, ವಾರ್ನಿಷ್‌ಗೆ ಎರಡು ಸಾವಿರ ಹೋಯಿತು ಅನ್ನಿ. ಕಲಬುರಗಿಯಿಂದಲೋ ಬೇರೆ ರಾಜ್ಯದಿಂದಲೋ ಬಂದವರಾದರೆ ಪ್ರಯಾಣ, ಚಿತ್ರಗಳ ಸಾಗಾಟ, ಒಂದೆರಡು ರಾತ್ರಿಯ ಕೋಣೆ ಬಾಡಿಗೆ ಇವನ್ನೆಲ್ಲ ಮಾರಾಟವಾಗುವ ನಾಲ್ಕಾರು ಚಿತ್ರಗಳ ಮೇಲೆ ಹಂಚಬೇಕು. ಒಂದರ ಮೇಲೆ ಸಾವಿರ, ಸಾವಿರದೈನೂರು ಬೀಳುತ್ತದೆ. ಉಳಿದ ನಾಲ್ಕೂವರೆ ಐದು ಸಾವಿರ ಎಂಟು ಹತ್ತು ದಿನದ ಕೆಲಸಕ್ಕೆ. ನಾಲ್ಕು ಸಾವಿರಕ್ಕೆ ಕೊಡಿ ಎಂದರೆ ಕೂಲಿಯನ್ನೇ ಬಿಟ್ಟುಕೊಡಿ ಎಂದ ಹಾಗೆ. ನೂರಕ್ಕೆ ಹತ್ತರಷ್ಟು ಕಡಿಮೆ ಕೇಳುವುದು ಸಭ್ಯ. ಎರಡು ಚಿತ್ರ ತೆಗೆದುಕೊಂಡರೆ ಇನ್ನೂ ಸ್ವಲ್ಪ ಕೇಳಬಹುದು. ಅಷ್ಟು ಹಣವಿಲ್ಲದಿದ್ದರೆ ಅದೇ ಕಲಾವಿದರ ಚಿಕ್ಕ ಚಿತ್ರ, ರೇಖಾಚಿತ್ರ ಕೇಳಿ. ಬಹಳಷ್ಟು ಮಂದಿಯ ಬಳಿ ಕಡತದಲ್ಲಿ ಇದ್ದೇ ಇರುತ್ತವೆ. ಗ್ಯಾಲರಿಯಲ್ಲಿ ಇದೇ ಚಿತ್ರ ಕೊಂಡರೆ ಗ್ಯಾಲರಿಯ ಕಮಿಷನ್ ಸೇರಿರುತ್ತದೆ. ಇಲ್ಲಿ ಕೊಟ್ಟ ಹಣ ಇಡಿಯಾಗಿ ಚಿತ್ರ ಬರೆದವರ ಕೈಗೆ ಹೋಗುತ್ತದೆ. ಸಂತೆಯ ದೊಡ್ಡ ಗುಣ ಇದೇ.

ಹಣ ಕೊಟ್ಟಮೇಲೆ ಒಂದು ಚೀಟಿ ಬರೆಸಿಕೊಳ್ಳಿ: ಕಲಾವಿದರ ಹೆಸರು, ಚಿತ್ರದ ಹೆಸರು, ಅಳತೆ, ಮಾಧ್ಯಮ, ಬರೆದ ವರ್ಷ, ಬೆಲೆ, ಸಹಿ. ಚಿತ್ರದ ಬೆನ್ನಲ್ಲೂ ಇದನ್ನೇ ಬರೆಸಿದರೆ ಇನ್ನೂ ಒಳ್ಳೆಯದು, ಚೀಟಿ ಕಳೆದರೂ ಅದು ಉಳಿಯುತ್ತದೆ. ಚಿತ್ರ ಕೊಂಡ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ ಎಂಬುದು ಗೊತ್ತಿರಲಿ. ಗೋಡೆಗೆ ತೂಗುಹಾಕಬಹುದು, ಇನ್ನೊಬ್ಬರಿಗೆ ಮಾರಬಹುದು. ಅದನ್ನು ಕ್ಯಾಲೆಂಡರಿಗೋ ಅಂಗಡಿಯ ಚೀಲಕ್ಕೋ ಅಚ್ಚು ಹಾಕಿಸಬೇಕಾದರೆ ಕಲಾವಿದರ ಒಪ್ಪಿಗೆ ಬೇಕು. ಹಣ ಕೊಟ್ಟು ನೀವೇ ಹೇಳಿ ಬರೆಸಿದ ಚಿತ್ರದ ವಿಷಯದಲ್ಲಿ 1957ರ ಕಾಯ್ದೆ ಬೇರೆ ಹೇಳುತ್ತದೆ: ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹೀಗೆ ಬರೆಸುವಾಗ ಅಳತೆ, ಮಾಧ್ಯಮ, ಮುಂಗಡ, ಕೊಡುವ ದಿನ, ತಿದ್ದುಪಡಿ ಎಷ್ಟು ಸಲ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿ ಇಟ್ಟುಕೊಳ್ಳಿ. ಜಗಳ ಬರುವುದು ಹೆಚ್ಚಾಗಿ ಕೊನೆಯದರ ಮೇಲೆ.

ಮನೆಗೆ ಒಯ್ಯುವಾಗ ಹಾಳಾಗುವ ಚಿತ್ರಗಳ ಸಂಖ್ಯೆ ಕಡಿಮೆಯೇನಲ್ಲ. ಕ್ಯಾನ್ವಾಸನ್ನು ಸುತ್ತಬೇಕಾದರೆ ಬಣ್ಣದ ಬದಿ ಹೊರಗೆ ಬರುವಂತೆ ಸುತ್ತಿ. ಒಳಗೆ ಹಾಕಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಮಡಿಕೆ ಬೀಳುತ್ತದೆ, ಬಿಚ್ಚುವಾಗ ಅಲ್ಲೇ ಬಿರಿಯುತ್ತದೆ. ಕೊಳವೆ ಕನಿಷ್ಠ ನಾಲ್ಕಿಂಚು ಅಗಲದ್ದಿರಲಿ, ಬಣ್ಣ ದಪ್ಪವಿದ್ದರೆ ಇನ್ನೂ ದೊಡ್ಡದು ಬೇಕು. ಬಣ್ಣದ ಮೇಲೆ ಬಟರ್ ಪೇಪರ್ ಹಾಕಿ, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆಗಳ ಬದಿ ಹೊರಗೆ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುವ ಬಣ್ಣ. ಬಬಲ್ ರ‍್ಯಾಪನ್ನು ನೇರ ಸುತ್ತಿ ಬಿಸಿಲಲ್ಲಿ ಕಾರಿನೊಳಗೆ ಇಟ್ಟರೆ ಗುಳ್ಳೆಯ ಅಚ್ಚು ಚಿತ್ರದ ಮೇಲೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಎಣ್ಣೆಬಣ್ಣವನ್ನು ಮೂಸಿ ನೋಡಿ. ಘಾಟು ಇನ್ನೂ ಗಾಢವಾಗಿದ್ದರೆ ಒಳಗೆ ಒಣಗಿಲ್ಲ. ಅದನ್ನು ಸುತ್ತುವುದೂ ಬೇಡ, ಮುಖಕ್ಕೆ ಏನನ್ನೂ ಅಂಟಿಸುವುದೂ ಬೇಡ. ನಾಲ್ಕು ಮೂಲೆಗೆ ರಟ್ಟಿನ ತುಂಡು ಕೊಟ್ಟು ನಿಲ್ಲಿಸಿಕೊಂಡು ಒಯ್ಯಬೇಕು. ಸ್ಕೂಟರಿನ ಹಿಂದೆ ಮೂರಡಿ ಕ್ಯಾನ್ವಾಸ್ ಹಿಡಿದು ಕೂರುವುದು ಅಪಾಯ. ಗಾಳಿ ಹೊಡೆದರೆ ಅದು ಹಾಯಿಪಟದ ಹಾಗೆ ಎಳೆಯುತ್ತದೆ.

ಕಟ್ಟು ಹಾಕಿಸುವಾಗ ಎರಡೇ ಮಾತು ನೆನಪಿಡಿ. ಕಾಗದದ ಮೇಲಿನ ಚಿತ್ರಕ್ಕೆ ಗಾಜು ನೇರ ತಗಲಬಾರದು, ನಡುವೆ ಎರಡು ಮೂರು ಮಿಲಿಮೀಟರ್ ದಪ್ಪದ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ರಟ್ಟು) ಇರಬೇಕು, ಅದೂ ಆ್ಯಸಿಡ್ ಇಲ್ಲದ್ದು. ಮಳೆಗಾಲದ ತೇವ ಗಾಜಿನ ಒಳಬದಿಗೆ ಹನಿಗಟ್ಟಿದಾಗ ಕಾಗದ ಅಂಟಿಕೊಂಡು ಬೂಷ್ಟು ಹಿಡಿಯುವುದು ಆ ಸಂದಿ ಇಲ್ಲದ್ದರಿಂದ. ಎರಡನೆಯದು, ಚಿತ್ರದ ಬೆನ್ನಿಗೆ ಸೆಲ್ಲೊಟೇಪ್ ಹಚ್ಚಲು ಬಿಡಬೇಡಿ. ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿದು ಮುಂಭಾಗದಲ್ಲೂ ಕಲೆ ಕಾಣಿಸುತ್ತದೆ. ಕ್ಯಾನ್ವಾಸಿಗೆ ಗಾಜು ಬೇಡವೇ ಬೇಡ. ತೂಗುಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ ಬರಲಿ. ನಮ್ಮ ಮನೆಗಳಲ್ಲಿ ದೇವರ ಪಟದ ಅಭ್ಯಾಸಕ್ಕೆ ಎಲ್ಲವನ್ನೂ ಬಾಗಿಲ ಮೇಲಕ್ಕೆ ಏರಿಸುತ್ತಾರೆ. ಚೌಕಟ್ಟಿನ ಕೆಳ ಮೂಲೆಗಳಿಗೆ ಕಾರ್ಕ್ ಅಥವಾ ರಬ್ಬರಿನ ಬಿಲ್ಲೆ ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ, ತೇವ ನಿಲ್ಲುವುದಿಲ್ಲ. ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿನ ಗೋಡೆ ಬಿಡಿ.

ಮಾರಲು ಹೋಗುವ ಕಲಾವಿದರಿಗೂ ನಾಲ್ಕು ಮಾತು. ಅರ್ಜಿಯನ್ನು ಪರಿಷತ್ತು ಮುಂಚೆಯೇ ಕರೆಯುತ್ತದೆ, ಬಂದವರಲ್ಲಿ ಆಯ್ಕೆ ಮಾಡುತ್ತದೆ. ಡಿಸೆಂಬರ್ ಕೊನೆಗೆ ವಿಚಾರಿಸಿದರೆ ತಡವಾಗಿರುತ್ತದೆ. ಕಳಿಸುವ ಫೋಟೊಗಳು ನೇರವಾಗಿ, ನೆರಳಿಲ್ಲದೆ, ಚೌಕಟ್ಟು ಕಾಣದಂತೆ ತೆಗೆದವಾಗಿರಲಿ. ಕೊಡುವ ಜಾಗ ಚಿಕ್ಕದು. ಇಪ್ಪತ್ತು ಚಿತ್ರ ಒತ್ತಿ ತೂಗುವುದಕ್ಕಿಂತ ಎಂಟು ಹತ್ತನ್ನು ಉಸಿರಾಡುವಂತೆ ಇಟ್ಟು, ಉಳಿದವನ್ನು ಕಡತದಲ್ಲಿಡಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲವೋ ನೀರಿನ ಕ್ಯಾನೋ ಕಟ್ಟಿ. ಒಂದು ಸ್ಟ್ಯಾಂಡ್ ಗಾಳಿಗೆ ಬಿದ್ದರೆ ಪಕ್ಕದವರದ್ದೂ ಸಾಲಾಗಿ ಬೀಳುತ್ತದೆ. ಪ್ರತಿ ಚಿತ್ರದ ಕೆಳಗೆ ಬೆಲೆ, ಅಳತೆ, ಮಾಧ್ಯಮ ದೊಡ್ಡದಾಗಿ ಬರೆಯಿರಿ. ಬೆಲೆ ಬರೆಯದ ಚಿತ್ರದ ಬೆಲೆ ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರೇ ಹೆಚ್ಚು. ಇಬ್ಬರು ಇರಲೇಬೇಕು, ಒಬ್ಬರೇ ಇದ್ದರೆ ಊಟಕ್ಕೂ ಎದ್ದುಹೋಗಲು ಆಗುವುದಿಲ್ಲ. ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ತನ್ನಿ, ಐವತ್ತು ನೂರರ ಚಿಲ್ಲರೆ ಇರಲಿ, ಬಟರ್ ಪೇಪರ್ ಮತ್ತು ರಟ್ಟು ಸಾಕಷ್ಟಿರಲಿ. ಹೆಸರು, ಫೋನ್ ಇರುವ ಕಾರ್ಡು ಕೊಡುವುದನ್ನು ಮರೆಯಬೇಡಿ. ಸಂತೆಯ ದಿನ ನೋಡಿ ಹೋಗಿ, ಮನೆಯಲ್ಲಿ ಮಾತಾಡಿಕೊಂಡು ತಿಂಗಳ ಮೇಲೆ ಫೋನ್ ಮಾಡುವವರು ಬಹಳ ಇದ್ದಾರೆ.

ಸಂತೆಯಲ್ಲಿ ಸುಧಾರಿಸಬೇಕಾದ್ದು ಇಲ್ಲವೆಂದಲ್ಲ. ಎಲ್ಲ ಮಾಧ್ಯಮದವರೂ ಬೆರೆತು ಕೂರುವುದರಿಂದ ಅಚ್ಚುಚಿತ್ರ ಬೇಕಾದವರು, ಜಾನಪದ ಚಿತ್ರ ಬೇಕಾದವರು ಇಡೀ ರಸ್ತೆ ಹುಡುಕಬೇಕು. ಅವುಗಳಿಗೆ ಒಂದೊಂದು ಸಾಲು ಬೇರೆ ಮಾಡಿದರೆ ಕೊಳ್ಳುವವರಿಗೂ ಮಾರುವವರಿಗೂ ಲಾಭ. ಪ್ರಿಂಟ್ ಮಾರುವ ಮಳಿಗೆಯಲ್ಲಿ ‘ಪ್ರಿಂಟ್’ ಎಂಬ ಫಲಕ ಕಡ್ಡಾಯವಾಗಬೇಕು. ಅಂತರ್ಜಾಲದಲ್ಲಿ ಸಿಕ್ಕ ಫೋಟೊ ನೋಡಿ ಹಾಗೆಯೇ ಬರೆದ ಓಡುವ ಕುದುರೆ, ಕೊಡೆ ಹಿಡಿದ ಜೋಡಿ ಪ್ರತಿ ವರ್ಷ ಸಾಲು ಸಾಲಾಗಿ ಕಾಣುತ್ತವೆ. ಅಲಂಕಾರಕ್ಕೆ ಸಾಕು ಎನ್ನುವವರು ಕೊಳ್ಳಲಿ, ಆದರೆ ಕಲಾವಿದರ ಸ್ವಂತ ಕಣ್ಣು ಕಾಣುವ ಚಿತ್ರ ಹತ್ತು ಹೆಜ್ಜೆ ಮುಂದೆಯೇ ಇರುತ್ತದೆ. ಒಂದು ದಿನವನ್ನು ಎರಡು ದಿನ ಮಾಡಿದರೆ ಜನ ಹಂಚಿಹೋಗುತ್ತಾರೆ ಎಂಬ ಮಾತಿಗೆ ನಮ್ಮ ಸಹಮತವಿದೆ. ರಸ್ತೆ ಮುಚ್ಚುವ ತೊಂದರೆಯೂ ಸಣ್ಣದಲ್ಲ, ಅದನ್ನೂ ತಿಳಿದೇ ಹೇಳುತ್ತಿದ್ದೇವೆ.

ಸಂತೆ ಮುಗಿದಮೇಲೆ ವಾರದ ನಡುವಿನ ಒಂದು ದಿನ ಮತ್ತೆ ಹೋಗಿ. ಅವತ್ತು ಪರಿಷತ್ತು ನಿಶ್ಶಬ್ದವಾಗಿರುತ್ತದೆ. ವಸ್ತುಸಂಗ್ರಹಾಲಯದ ತೊಗಲುಗೊಂಬೆಗಳ ಮುಂದೆ ಅರ್ಧ ಗಂಟೆ ಸಾಲದು. ಹದ ಮಾಡಿದ ಚರ್ಮ ಬೆಳಕು ತೂರುವಷ್ಟು ತೆಳುವಾಗಿರುತ್ತದೆ. ಒಡವೆ, ಸೀರೆಯ ಅಂಚು, ಕಿರೀಟ ಇರುವಲ್ಲೆಲ್ಲ ಉಳಿಯಿಂದ ಸಣ್ಣ ರಂಧ್ರಗಳ ಸಾಲು ಕೊರೆದಿರುತ್ತಾರೆ. ಕುಂಚದಿಂದ ಬಿಳಿ ಇಡುವ ಬದಲು ದೀಪದ ಬೆಳಕನ್ನೇ ಬಿಳಿಯಾಗಿ ಬಳಸಿದ ಜಾಣ್ಮೆ ಅದು. ಮೈಸೂರು ಚಿತ್ರಗಳ ಕೋಣೆಯನ್ನು ಸಂತೆಗೆ ಮೊದಲೇ ನೋಡಿದ್ದರೆ ಇನ್ನೂ ಒಳ್ಳೆಯದು: ಹಳೆಯವರ ಗೆಸ್ಸೊ ಎಷ್ಟು ತೆಳು ಎಂದು ಕಣ್ಣಿಗೆ ಒಮ್ಮೆ ಗೊತ್ತಾದರೆ ರಸ್ತೆಯಲ್ಲಿ ಯಾರೂ ನಿಮ್ಮನ್ನು ಏಮಾರಿಸಲಾರರು. ಕೃಷ್ಣ ರೆಡ್ಡಿಯವರ ಅಚ್ಚುಚಿತ್ರಗಳು ಇನ್ನೊಂದು ಸಂಪತ್ತು. ಒಂದೇ ತಗಡಿನ ಮೇಲೆ ಬೇರೆ ಬೇರೆ ಮಂದತೆಯ ಶಾಯಿಗಳನ್ನು ಹಾಯಿಸಿ, ಒಂದೇ ಒತ್ತಿಗೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನ ಅಟೆಲಿಯೆ 17 ಎಂಬ ಅಚ್ಚುಚಿತ್ರ ಕಾರ್ಯಾಗಾರದಲ್ಲಿ ಬೆಳೆಸಿದವರಲ್ಲಿ ಅವರು ಒಬ್ಬರು. ಎಣ್ಣೆ ಹೆಚ್ಚಿರುವ ತೆಳು ಶಾಯಿ ಬಿದ್ದ ಜಾಗದಲ್ಲಿ ಗಟ್ಟಿ ಶಾಯಿ ಹಿಡಿಯುವುದಿಲ್ಲ ಎಂಬುದೇ ಅದರ ಗುಟ್ಟು. ರಷ್ಯಾದ ಚಿತ್ರಕಾರರಾದ ರೋರಿಕ್ ತಂದೆ-ಮಗನ ಹಿಮಾಲಯದ ಚಿತ್ರಗಳೂ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರ ಕಲಾಸಂಗ್ರಹವೂ ಅಲ್ಲೇ ಇವೆ. ಸಂಗ್ರಹಾಲಯಕ್ಕೆ ಸಣ್ಣ ಟಿಕೆಟ್ಟು. ಬಾಡಿಗೆ ಗ್ಯಾಲರಿಗಳಲ್ಲಿ ನಡೆಯುವ ಪ್ರದರ್ಶನಗಳಿಗೆ ದುಡ್ಡಿಲ್ಲ, ಹೆಚ್ಚಿನ ವೇಳೆ ಕಲಾವಿದರೂ ಅಲ್ಲೇ ಕೂತಿರುತ್ತಾರೆ. ಸಂತೆಯ ಗದ್ದಲದಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಇಲ್ಲಿ ಕೂತು ಕೇಳಬಹುದು.

ಸಂತೆಯಲ್ಲಿ ಎಣ್ಣೆಬಣ್ಣದ ಚಿತ್ರ ಕೊಂಡಿದ್ದರೆ ಒಂದು ಕೆಲಸ ಬಾಕಿ ಇರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ಪದರ ಪೂರ್ತಿ ಒಣಗಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ, ಅದಕ್ಕೆ ಮೊದಲು ಕೊನೆಯ ವಾರ್ನಿಷ್ ಹಚ್ಚಿದರೆ ಬಿರುಕು ಬಿಡುತ್ತದೆ. ಅಲ್ಲಿಯವರೆಗೆ ಗಾಳಿಯಾಡುವ, ಬಿಸಿಲು ನೇರ ಬೀಳದ ಗೋಡೆಯಲ್ಲಿ ತೂಗಿ. ಧೂಳನ್ನು ಒಣಗಿದ ಮೆತ್ತನೆ ಕುಂಚದಿಂದ ಮಾತ್ರ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಕಲಾವಿದರ ಕಾರ್ಡನ್ನು ಚೌಕಟ್ಟಿನ ಬೆನ್ನಿಗೆ ಸಿಕ್ಕಿಸಿಡಿ. ಮುಂದಿನ ಜನವರಿಗೆ ಅವರು ಮತ್ತೆ ಕುಮಾರಕೃಪಾ ರಸ್ತೆಗೆ ಬರುವುದಾದರೆ, ಯಾವ ವಾರ್ನಿಷ್, ಎಷ್ಟು ಪದರ ಎಂದು ಅವರನ್ನೇ ಕೇಳಿಕೊಳ್ಳಬಹುದು.